ಕೋಲು ಹಿರಿಮಗಳಿಗೆ, ನೆಲ ಐದು ಪಾಲು

ಪಾಲು ದಾವೆಗೆಂದು ಬರುವ ಕಕ್ಷಿದಾರರು ಮೇಜಿನ ಮೇಲೆ ಮೊದಲು ಬಿಚ್ಚಿಡುವುದು ವಂಶವೃಕ್ಷವನ್ನು. ಮೇಲೆ ತಾತ, ಅವನ ಕೆಳಗೆ ಗಂಡುಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು. ‘ಹೆಣ್ಣುಮಕ್ಕಳು ಇರಲಿಲ್ವೇನ್ರಿ?’ ಅಂತ ಕೇಳಿದರೆ, ‘ಇದ್ರು ಸಾರ್, ಮೂರು ಜನ. ಮದುವೆ ಮಾಡಿ ಕೊಟ್ಟಾಯ್ತಲ್ಲ’ ಅನ್ನುತ್ತಾರೆ. ಸಿವಿಲ್ ಕೋರ್ಟಿನಲ್ಲಿ ಇಷ್ಟು ವರ್ಷ ಓಡಾಡಿದ ಮೇಲೂ ಈ ಉತ್ತರ ಕೇಳಿದಾಗ ನನಗೆ ಬೇಸರವಾಗುತ್ತದೆ. ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ವಂಶವೃಕ್ಷ ಹಿಡಿದರೆ ಆಸ್ತಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎನ್ನುವುದು ಎಂದಿಗೂ ತಿಳಿಯುವುದಿಲ್ಲ. ನನ್ನ ಕಚೇರಿಗೆ ಬರುವ ಕಿರಿಯ ವಕೀಲರಿಗೆ ಇದನ್ನು ಮನದಟ್ಟು ಮಾಡಲು ನಾನು ಹೇಳುವುದು 800 ವರ್ಷ ಹಿಂದಿನ ಒಂದು ಇಂಗ್ಲಿಷ್ ಮನೆತನದ ಕಥೆ: ಪೆಂಬ್ರೋಕಿನ ಅರ್ಲ್ (ಇಂಗ್ಲೆಂಡಿನ ಒಂದು ದೊಡ್ಡ ಕುಲೀನ ಪದವಿ) ವಿಲಿಯಂ ಮಾರ್ಷಲ್‌ನ ಮನೆತನದ್ದು.

ಅಷ್ಟು ದೂರ ಯಾಕೆ ಹೋಗುತ್ತೀರಿ ಎಂದು ಅವರು ಕೇಳುತ್ತಾರೆ. ಮನೆತನದ ಆಸ್ತಿಯಲ್ಲಿ ಜೊತೆ ಹಕ್ಕುದಾರ ಎಂಬರ್ಥದಲ್ಲಿ ನಾವು ವಕೀಲರು ದಿನಾ ಬಳಸುವ ‘ಕೋಪಾರ್ಸನರ್’ ಎಂಬ ಮಾತು ನಮ್ಮಲ್ಲಿಗೆ ಬಂದಿದ್ದೇ ಆ ಮನೆಗಳಿಂದ. ಅಲ್ಲಿನ ನಿಯಮದಲ್ಲಿ ಗಂಡುಮಕ್ಕಳಿದ್ದರೆ ಜಮೀನೆಲ್ಲ ಹಿರಿಯವನಿಗೆ. ಗಂಡು ಸಂತಾನ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆಲ್ಲ ಸಮಪಾಲು. ಹಾಗೆ ಒಟ್ಟಿಗೆ ಹಕ್ಕು ಪಡೆದ ಅಕ್ಕತಂಗಿಯರನ್ನೇ ಅಲ್ಲಿ ಹೆಚ್ಚಾಗಿ ಕೋಪಾರ್ಸನರ್ ಎನ್ನುತ್ತಿದ್ದರು. ಬ್ರಿಟಿಷರ ಕಾಲದ ನ್ಯಾಯಾಲಯಗಳು ಆ ಮಾತನ್ನು ಇಲ್ಲಿಗೆ ತಂದು ನಮ್ಮ ಅವಿಭಕ್ತ ಕುಟುಂಬದ ಗಂಡಸರಿಗೆ ಹಚ್ಚಿದವು. ಕರ್ನಾಟಕದಲ್ಲಿ 1994ರ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳನ್ನು ಅದರೊಳಗೆ ಸೇರಿಸಿತು. 2005ರ ಕೇಂದ್ರ ತಿದ್ದುಪಡಿ ಆ ಮದುವೆಯ ಷರತ್ತನ್ನೂ ತೆಗೆದುಹಾಕಿತು. ಮೊದಲು ಹೆಣ್ಣುಮಕ್ಕಳದ್ದೇ ಆಗಿದ್ದ ಮಾತು ಅವರ ಹತ್ತಿರ ವಾಪಸು ಬರಲು ಇಷ್ಟು ಕಾಲ ಹಿಡಿಯಿತು.

ಇನ್ನು ವಿಲಿಯಂ. ಇವನ ಹೆಸರಿನ ಮುಂದೆ ಬಿರುದು, ಹುದ್ದೆ ಸಾಲಾಗಿ ನಿಂತಿವೆ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಎಲ್ಲವೂ ಹುಟ್ಟಿನಿಂದ ಬಂದವೆಂದು ಕಾಣುತ್ತದೆ. ಪ್ರತಿಯೊಂದರ ಎದುರಿಗೂ ‘ಯಾರಿಂದ, ಯಾವ ವರ್ಷ’ ಎಂದು ಬರೆಯಿರಿ ಎಂದು ಹುಡುಗರಿಗೆ ಹೇಳುತ್ತೇನೆ.

‘ಮಾರ್ಷಲ್’ ಎಂದರೆ ಮೂಲದಲ್ಲಿ ಕುದುರೆ ನೋಡಿಕೊಳ್ಳುವ ಆಳು. ವಿಲಿಯಂನ ಅಜ್ಜ ಗಿಲ್ಬರ್ಟ್‌ನ ಕಾಲಕ್ಕೆ ಅದು ಅರಮನೆಯ ಹುದ್ದೆಯಾಗಿತ್ತು. ದೊರೆಯ ಕುದುರೆಗಳನ್ನು ನೋಡಿಕೊಳ್ಳುವುದು, ಆಸ್ಥಾನದಲ್ಲಿ ಶಿಸ್ತು ಕಾಯುವುದು, ದೊರೆಯ ಮನೆಯಿಂದ ಏನೇನು ಹೊರಗೆ ಹೋಯಿತು ಎಂಬುದಕ್ಕೆ ಗೀರು ಹಾಕಿದ ಲೆಕ್ಕದ ಕಡ್ಡಿಗಳನ್ನು ಇಟ್ಟುಕೊಳ್ಳುವುದು ಅದರ ಕೆಲಸ. ಈ ಹುದ್ದೆಗೆ ಪೈಪೋಟಿದಾರರೂ ಇದ್ದರು. ಗಿಲ್ಬರ್ಟ್ ಮತ್ತು ಅವನ ಮಗ ಜಾನ್ ಒಂದನೇ ಹೆನ್ರಿಯ ಆಸ್ಥಾನದಲ್ಲಿ ಅವರ ವಿರುದ್ಧ ವ್ಯಾಜ್ಯ ಗೆದ್ದರು. 1130ರ ಖಜಾನೆ ಲೆಕ್ಕದ ಸುರುಳಿಯಲ್ಲಿ ಜಾನ್ ತಂದೆಯ ಜಮೀನಿಗೂ ಹುದ್ದೆಗೂ ಸೇರಿಸಿ ದೊರೆಗೆ ಹಣ ಕಟ್ಟಬೇಕಾದವನಾಗಿ ಕಾಣುತ್ತಾನೆ. ಹುದ್ದೆ ಮನೆತನದ್ದೇ ಆದರೂ ತಲೆಮಾರು ಬದಲಾದಾಗ ದೊರೆಯ ಕೈಗೆ ಕಾಸು ಬೀಳಬೇಕಿತ್ತು.

ಆ ಜಾನ್‌ಗೆ ವಿಲಿಯಂ ನಾಲ್ಕನೇ ಮಗ. ಅವನಿಗೆ ಬರುವುದು ಏನೂ ಇರಲಿಲ್ಲ. 1152ರಲ್ಲಿ ದೊರೆ ಸ್ಟೀಫನ್ ನ್ಯೂಬರಿ ಕೋಟೆಗೆ ಮುತ್ತಿಗೆ ಹಾಕಿದಾಗ ಜಾನ್ ಐದಾರು ವರ್ಷದ ಈ ಹುಡುಗನನ್ನು ಒತ್ತೆಯಾಗಿ ಕೊಟ್ಟ, ಆಮೇಲೆ ಮಾತಿಗೆ ತಪ್ಪಿದ. ಹುಡುಗನನ್ನು ಗಲ್ಲಿಗೇರಿಸುತ್ತೇವೆ ಎಂದು ಹೇಳಿ ಕಳಿಸಿದರೆ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಮಾಡಲು ಸುತ್ತಿಗೆ, ಅಡಿಗಲ್ಲು ತನ್ನ ಬಳಿ ಇವೆ ಎಂದನಂತೆ. ಸ್ಟೀಫನ್‌ಗೆ ಮನಸ್ಸು ಬರಲಿಲ್ಲ. ಡೇರೆಯಲ್ಲಿ ದೊರೆಯೂ ಹುಡುಗನೂ ಕಳೆಗಿಡದ ಕಡ್ಡಿಗಳನ್ನು ಯೋಧರೆಂದು ಹಿಡಿದು ಆಡಿದರು, ಹುಡುಗ ಗೆದ್ದ. ಇದನ್ನೆಲ್ಲ ಹೇಳುವುದು ವಿಲಿಯಂ ಸತ್ತ ಮೇಲೆ ಅವನ ಮಗ ಬರೆಸಿದ, 19,000 ಸಾಲು ಮೀರಿದ ಫ್ರೆಂಚ್ ಕಾವ್ಯ. ಮನೆಯವರೇ ಬರೆಸಿದ್ದು, ಆದ್ದರಿಂದ ಸಂಬಂಧಿಕರ ಸಾಕ್ಷ್ಯವನ್ನು ಹೇಗೆ ಓದುತ್ತೇವೋ ಹಾಗೆ ಓದಬೇಕು. ಆದರೆ ಸಂಬಂಧಿಕ ಸಾಕ್ಷಿ ತನ್ನ ಮನೆಯ ಹಿರಿಯನಿಗೆ ಕುಂದು ತರುವ ಮಾತನ್ನು ತಾನಾಗಿ ಹೇಳಿದರೆ ಅದಕ್ಕೆ ತೂಕ ಹೆಚ್ಚು ಎಂಬುದೂ ನಮಗೆ ಗೊತ್ತಿದೆ.

ಮಾರ್ಷಲ್ ಹುದ್ದೆ ವಿಲಿಯಂಗೆ ಬಂದದ್ದು 1194ರಲ್ಲಿ, ಅಣ್ಣ ಜಾನ್ ತೀರಿಕೊಂಡ ಮೇಲೆ. ಅಷ್ಟರಲ್ಲಿ ಅವನು ಇಂಗ್ಲೆಂಡಿನ ದೊಡ್ಡ ಜಮೀನುದಾರರಲ್ಲಿ ಒಬ್ಬನಾಗಿ ಐದು ವರ್ಷವಾಗಿತ್ತು. 1189ರಲ್ಲಿ, 40 ದಾಟಿದ ಮೇಲೆ, ಅವನು 17ರ ಹರೆಯದ ಇಸಬೆಲ್ ಡಿ ಕ್ಲೇರ್‌ಳನ್ನು ಮದುವೆಯಾದ. ಅವಳ ತಂದೆ ‘ಸ್ಟ್ರಾಂಗ್‌ಬೋ’ ಎಂದು ಹೆಸರಾದ ರಿಚರ್ಡ್ ಡಿ ಕ್ಲೇರ್; ತಾಯಿ ಐರ್ಲೆಂಡಿನ ಲೆನ್‌ಸ್ಟರ್ ಪ್ರಾಂತದ ಅರಸನ ಮಗಳು ಈಫಾ. ಒಬ್ಬನೇ ತಮ್ಮ ಬಾಲ್ಯದಲ್ಲೇ ತೀರಿಕೊಂಡಿದ್ದರಿಂದ ವೇಲ್ಸ್ ಗಡಿಯ ಚೆಪ್‌ಸ್ಟೋ, ಪೆಂಬ್ರೋಕಿನ ಹಕ್ಕು, ಇಡೀ ಲೆನ್‌ಸ್ಟರ್ ಎಲ್ಲಕ್ಕೂ ಇಸಬೆಲ್ಲೇ ವಾರಸುದಾರಳು. 1199ರಲ್ಲಿ ಜಾನ್ ದೊರೆಯ ಪಟ್ಟಾಭಿಷೇಕದ ದಿನ ವಿಲಿಯಂನ ಸೊಂಟಕ್ಕೆ ಅರ್ಲ್ ಪದವಿಯ ಖಡ್ಗ ಕಟ್ಟಿದರು. ಕೆಲವು ಪಟ್ಟಿಗಳಲ್ಲಿ ಅವನು ‘ಪೆಂಬ್ರೋಕಿನ ಒಂದನೇ ಅರ್ಲ್’, ಕೆಲವದರಲ್ಲಿ ಅಲ್ಲ. ಹೆಂಡತಿಯ ಕಡೆಯ ಅರ್ಲ್‌ಗಳನ್ನು ಎಣಿಕೆಗೆ ಹಿಡಿದರೋ ಬಿಟ್ಟರೋ ಎನ್ನುವುದೇ ಆ ವ್ಯತ್ಯಾಸಕ್ಕೆ ಕಾರಣ.

ಈ ಆಸ್ತಿ ಹೆಂಡತಿಯ ಕಡೆಯದು ಎನ್ನುವುದಕ್ಕೆ ವಿಲಿಯಂನ ಬಾಯಿಂದಲೇ ಬಂದ ಹೇಳಿಕೆ ಇದೆ. 1207ರಲ್ಲಿ ದೊರೆ ಕರೆಸಿಕೊಂಡಾಗ ಅವನು ಐರ್ಲೆಂಡ್ ಬಿಟ್ಟು ಹೊರಡಬೇಕಾಯಿತು. ಕಿಲ್ಕೆನಿ ಕೋಟೆಯಲ್ಲಿ ತನ್ನ ಅಧೀನದ ಸಾಮಂತರನ್ನು ಸೇರಿಸಿ, ಬಸುರಿ ಇಸಬೆಲ್‌ಳನ್ನು ಕೈಹಿಡಿದು ಅವರೆದುರು ಕರೆತಂದ. ಇವಳು ನಿಮ್ಮ ಹುಟ್ಟು ಒಡತಿ, ಇವಳ ಮೂಲಕ ಬಿಟ್ಟರೆ ಇಲ್ಲಿ ನನ್ನದೆಂಬುದು ಏನೂ ಇಲ್ಲ, ಇವಳನ್ನು ಕಾಪಾಡಿ ಎಂದ. ಕಾವ್ಯದ ಈ ಸಾಲುಗಳನ್ನು ಓದಿದಾಗಲೆಲ್ಲ ನನ್ನ ಮೇಜಿನ ಮೇಲಿನ ವಂಶವೃಕ್ಷಗಳು ನೆನಪಾಗುತ್ತವೆ. ಕತ್ತಿ ಹಿಡಿದು ಬದುಕಿದ ಗಂಡಸು ತನ್ನ ಸೈನಿಕರ ಮುಂದೆ ನಿಂತು ಆಸ್ತಿಯ ಮೂಲವನ್ನು ಇಷ್ಟು ನೇರವಾಗಿ ಒಪ್ಪಿಕೊಂಡ. ನಮ್ಮ ಕಕ್ಷಿದಾರರಲ್ಲಿ ಎಷ್ಟು ಜನ ‘ಈ ಜಮೀನು ನಮ್ಮಮ್ಮನ ಕಡೆಯಿಂದ ಬಂದಿದ್ದು’ ಎಂದು ತಾವಾಗಿ ಹೇಳುತ್ತಾರೆ?

ನೇಮಕದಿಂದ ಬಂದ ಹುದ್ದೆಗಳು ಬೇರೆ. ಗ್ಲಾಸ್ಟರ್‌ಶೈರಿನ ಶೆರಿಫ್ ಆದದ್ದು ಒಂದು. ಎಲ್ಲಕ್ಕೂ ದೊಡ್ಡದು 1216ರ ಅಕ್ಟೋಬರಿನಲ್ಲಿ ಜಾನ್ ದೊರೆ ಸತ್ತಾಗ ಬಂತು. ಮಗ ಮೂರನೇ ಹೆನ್ರಿಗೆ ಒಂಬತ್ತು ವರ್ಷ. ದೇಶದ ಅರ್ಧ ಭಾಗ ಫ್ರೆಂಚ್ ರಾಜಕುಮಾರ ಲೂಯಿಯ ಕಡೆ ವಾಲಿತ್ತು. 70ರ ಅಂಚಿನಲ್ಲಿದ್ದ ವಿಲಿಯಂನನ್ನು ದೊರೆಗೂ ರಾಜ್ಯಕ್ಕೂ ಪಾಲಕನನ್ನಾಗಿ ಮಾಡಿದರು. ಮುಂದಿನ ತಿಂಗಳು ಮ್ಯಾಗ್ನಾ ಕಾರ್ಟಾವನ್ನು ತಿದ್ದಿ ಮತ್ತೆ ಹೊರಡಿಸಿದಾಗ ಎಳೆ ದೊರೆಗೆ ಇನ್ನೂ ಮುದ್ರೆಯೇ ಇರಲಿಲ್ಲ. ಅದಕ್ಕೆ ಬಿದ್ದದ್ದು ಪೋಪನ ಪ್ರತಿನಿಧಿಯ ಮುದ್ರೆ ಮತ್ತು ವಿಲಿಯಂನ ಮುದ್ರೆ. 1217ರ ಮೇ 20ರಂದು ಲಿಂಕನ್ ಪಟ್ಟಣದಲ್ಲಿ ಅವನೇ ಕುದುರೆಯೇರಿ ಕಾದಾಡಿ ಗೆದ್ದ. 1219ರಲ್ಲಿ ಹಾಸಿಗೆ ಹಿಡಿದಾಗ ಈ ಪಾಲಕತ್ವವನ್ನು ಮಗನಿಗೆ ದಾಟಿಸಲಿಲ್ಲ; ಹುಡುಗ ದೊರೆಯನ್ನು ಪೋಪನ ಪ್ರತಿನಿಧಿಯ ಕೈಗೆ ಒಪ್ಪಿಸಿದ. ಅದು ವಾರಸಿಗೆ ಬರುವ ವಸ್ತುವಲ್ಲ ಎಂಬ ತಿಳಿವು ಅವನಿಗಿತ್ತು. ಅದೇ ವರ್ಷ ಮೇ 14ರಂದು ಕಣ್ಣು ಮುಚ್ಚಿದ. ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ಅವನ ಸಮಾಧಿ.

ಐದು ಗಂಡು, ಐದು ಹೆಣ್ಣು. ಇಷ್ಟು ತುಂಬಿದ ಮನೆ ಅಳಿಯುತ್ತದೆ ಎಂದು ಯಾರೂ ಅಂದುಕೊಂಡಿರಲಾರರು. ಹಿರಿಯ ಮಗ ವಿಲಿಯಂ 1231ರಲ್ಲಿ ತೀರಿಕೊಂಡ. ರಿಚರ್ಡ್ 1234ರಲ್ಲಿ ಐರ್ಲೆಂಡಿನಲ್ಲಿ ಗಾಯಗೊಂಡು ಸತ್ತ. ಗಿಲ್ಬರ್ಟ್ 1241ರಲ್ಲಿ ಟೂರ್ನಮೆಂಟಿನಲ್ಲಿ ಕುದುರೆಯಿಂದ ಬಿದ್ದ. ವಾಲ್ಟರ್, ಆನ್ಸೆಲ್ಮ್ ಇಬ್ಬರೂ 1245ರ ಕೊನೆಯಲ್ಲಿ ಒಂದೇ ತಿಂಗಳ ಅಂತರದಲ್ಲಿ ಹೋದರು. ಔರಸ ಮಕ್ಕಳು ಒಬ್ಬರಿಗೂ ಇರಲಿಲ್ಲ. ಹಳ್ಳಿಗಳ ತಕರಾರಿನಲ್ಲಿ ಐರಿಷ್ ಬಿಷಪ್ ಒಬ್ಬ ಹಾಕಿದ ಶಾಪ ಇದು ಎಂದು ಆ ಕಾಲದವರು ನಂಬಿದರು.

1247ರಲ್ಲಿ ಪಾಲಾಯಿತು. ಐವರು ಹೆಣ್ಣುಮಕ್ಕಳಲ್ಲಿ ಆ ಹೊತ್ತಿಗೆ ಬದುಕಿದ್ದವಳು ಹಿರಿಯವಳು ಮಾಡ್ ಒಬ್ಬಳೇ. ಉಳಿದವರ ಪಾಲು ಅವರವರ ಮಕ್ಕಳಿಗೆ ಇಳಿಯಿತು. ಲೆನ್‌ಸ್ಟರ್ ಐದು ಭಾಗವಾಯಿತು: ಕಾರ್ಲೋ ಮಾಡ್‌ಗೆ, ಕಿಲ್ಕೆನಿ ತಾಯಿಯ ಹೆಸರನ್ನೇ ಹೊತ್ತ ಮಗಳು ಇಸಬೆಲ್‌ಳ ಮಗನಿಗೆ, ವೆಕ್ಸ್‌ಫರ್ಡ್ ಜೋನ್‌ಳ ಕಡೆಗೆ, ಕಿಲ್ಡೇರ್ ಸಿಬಿಲ್‌ಳ ಕಡೆಗೆ, ಲೀಶ್ ಈವಾಳ ಕಡೆಗೆ. ಸಿಬಿಲ್‌ಗೆ ಏಳು ಜನ ಹೆಣ್ಣುಮಕ್ಕಳು, ಹಾಗಾಗಿ ಅವಳ ಐದನೇ ಒಂದು ಭಾಗ ಮತ್ತೆ ಏಳಾಗಿ ಒಬ್ಬೊಬ್ಬಳಿಗೆ 35ರಲ್ಲಿ ಒಂದು. ನಮ್ಮ ಹಿಸ್ಸೆ ಲೆಕ್ಕವೂ ಹೀಗೇ ನಡೆಯುತ್ತದೆ, ಹುಡುಗರು ಇದನ್ನು ಕಾಗದದ ಮೇಲೆ ತಾವೇ ಮಾಡಿ ನೋಡುವವರೆಗೆ ನಾನು ಬಿಡುವುದಿಲ್ಲ. ಇದರ ಜೊತೆಗೆ ವಿಧವೆಯರ ಹಕ್ಕು. ಹಿರಿಮಗನ ವಿಧವೆ ಎಲಿನೋರ್ ದೊರೆಯ ಸ್ವಂತ ತಂಗಿ. ಐರ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತನಗೆ ಬರಬೇಕಾದ ಭಾಗಕ್ಕೆ ವರ್ಷಕ್ಕೆ 400 ಪೌಂಡ್ ಎಂದು ಗೊತ್ತುಮಾಡಿದ್ದು ತೀರಾ ಕಡಿಮೆಯೆಂದು ಅವಳೂ ಎರಡನೇ ಗಂಡ ಸೈಮನ್ ಡಿ ಮಾಂಟ್‌ಫರ್ಟನೂ ದಶಕಗಳ ಕಾಲ ಜಗಳ ಕಾದರು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ 1259ರ ಒಪ್ಪಂದ ತಡವಾದ ಕಾರಣಗಳಲ್ಲಿ ಅವಳ ಈ ಪಾಲಿನ ತಕರಾರೂ ಸೇರಿತ್ತು.

ಜಮೀನನ್ನು ಐದು ಮಾಡಬಹುದು, 35 ಮಾಡಬಹುದು. ಮಾರ್ಷಲ್ ಹುದ್ದೆಯನ್ನು ಹಾಗೆ ತುಂಡು ಮಾಡಲಾಗದು. ಅದರ ಗುರುತಾದ ಕೋಲನ್ನು 1246ರಲ್ಲಿ ಹಿರಿಮಗಳು ಮಾಡ್‌ಗೆ ಒಪ್ಪಿಸಿದರು, ಅವಳು ಮಗ ರೋಜರ್ ಬಿಗಡ್‌ಗೆ ಕೊಟ್ಟಳು. ಅವನ ನಂತರ ಅದು ಅವನ ತಮ್ಮನ ಮಗನಿಗೆ ಬಂತು. ಅವನು 1306ರಲ್ಲಿ ಮಕ್ಕಳಿಲ್ಲದೆ ಸತ್ತಾಗ ಹುದ್ದೆ ದೊರೆಯ ಕೈಸೇರಿತು. ಹೊಸ ಸನ್ನದುಗಳ ಮೂಲಕ ಕೈಯಿಂದ ಕೈಗೆ ದಾಟಿ ಅದು ಈಗ ನಾರ್ಫೋಕಿನ ಡ್ಯೂಕ್‌ಗಳಲ್ಲಿದೆ. 2023ರ ಮೇ 6ರಂದು ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದ ಏರ್ಪಾಡು ಮಾಡಿದ್ದು ಅರ್ಲ್ ಮಾರ್ಷಲ್ ಎಂಬ ಆ ಹುದ್ದೆಯಲ್ಲಿದ್ದವರೇ.

ಮಾಡ್ ಎರಡು ಸಲ ಮದುವೆಯಾದವಳು, ಗಂಡಂದಿರಿಬ್ಬರೂ ಅರ್ಲ್‌ಗಳು. 1248ರಲ್ಲಿ ತೀರಿಕೊಳ್ಳುವ ಮುಂಚಿನ ಆ ಒಂದೆರಡು ವರ್ಷಗಳ ದಾನಪತ್ರದಲ್ಲಿ ಅವಳು ತನ್ನನ್ನು ಹೇಳಿಕೊಂಡ ಕ್ರಮವನ್ನು ನೋಡಬೇಕು. ಗಂಡಂದಿರಿಂದ ಬಂದ ನಾರ್ಫೋಕ್, ವಾರೆನ್ ಕೌಂಟೆಸ್ ಪದವಿಗಳು ಆಮೇಲೆ. ಎಲ್ಲಕ್ಕೂ ಮುಂದೆ, ತಂದೆಯ ಹುದ್ದೆಯ ಹೆಸರಿಗೆ ಲ್ಯಾಟಿನ್ನಿನ ಹೆಣ್ಣುರೂಪ ಕೊಟ್ಟು, ‘ಮಾರೆಸ್ಕಲ್ಲಾ’ ಎಂದು ಬರೆಸಿದ್ದಾಳೆ.