ಝೂಮ್ ಇಲ್ಲದ ಸೇನಾ ಸ್ಕೋಪ್: ಝೀರೋ ಮಾಡುವಾಗ ನಾನು ಎಡವಿದ 14 ಸೆಂಟಿಮೀಟರ್

ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ನಿನ್ನೆ ಝೀರೋ ಮಾಡುವ ವಿಷಯ, ಅಂದರೆ ಸ್ಕೋಪಿನ ಗುರಿಯನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸುವುದು, ತಲೆಯೊಳಗೆ ಇಳಿಯಿತು. ಮರೆಯುವ ಮೊದಲೇ ಬರೆದಿಡೋಣ ಅಂತ ಕೂತಿದ್ದೇನೆ. ರೈಫಲ್ ಹಿಡಿಯುವ ರೀತಿ, ಉಸಿರು, ಟ್ರಿಗರ್ ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡು ಬಿಟ್ಟಿದ್ದೇನೆ.

ಯಾವ ಸ್ಕೋಪ್ ಬಗ್ಗೆ ಮಾತು

ಉದಾಹರಣೆಗೆ ಪಿಎಸ್ಒ-1 ಇಟ್ಟುಕೊಳ್ಳೋಣ. 1963ರಲ್ಲಿ ಸೋವಿಯತ್ ಸೇನೆ ಒಪ್ಪಿಕೊಂಡ ಡ್ರಗುನೊವ್ ರೈಫಲ್‌ನ ಸ್ಕೋಪ್ ಇದು. ಅಳತೆ 4×24. ನೋಟ ನಾಲ್ಕು ಪಟ್ಟು ಹತ್ತಿರ ಬರುತ್ತದೆ, ಮುಂದಿನ ಗಾಜು 24 ಮಿ.ಮೀ. ಅಗಲ. 24ನ್ನು 4ರಿಂದ ಭಾಗಿಸಿದರೆ 6. ಅಂದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ 6 ಮಿ.ಮೀ. ಕಣ್ಣನ್ನು ಹಿಂದಿನ ಗಾಜಿನಿಂದ ಸುಮಾರು 68 ಮಿ.ಮೀ. ಹಿಂದೆ ಇಡಬೇಕು. ರಬ್ಬರ್ ಬಟ್ಟಲು ಇರುವುದೇ ಅದಕ್ಕೆ.

ಹಿಂದಿನವೂ ಇದೇ ಜಾತಿ. ಮೊಸಿನ್-ನಗಾಂತ್ ಮೇಲಿನ ಪಿಯು 3.5 ಪಟ್ಟು. ಲೀ-ಎನ್‌ಫೀಲ್ಡ್ ನಂ. 4 (ಟಿ) ಮೇಲಿದ್ದ ನಂ. 32 ಮೂರೇ ಪಟ್ಟು. ಅಮೆರಿಕದ ಎಂ24 ರೈಫಲ್ 10 ಪಟ್ಟಿನ ಸ್ಕೋಪ್‌ನೊಂದಿಗೆ ಬಂತು. ಯಾವುದರಲ್ಲೂ ಝೂಮ್ ತಿರುಗಿಸುವ ಬಳೆ ಇಲ್ಲ.

ಇದು ಕೊರತೆ ಅಂತ ಮೊದಲು ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಝೂಮ್ ಬದಲಾಗದಿದ್ದರೆ ರೆಟಿಕಲ್‌ನ (ಸ್ಕೋಪ್ ಒಳಗೆ ಕಾಣುವ ಗುರಿಗುರುತಿನ) ಎರಡು ಗೀಟುಗಳ ನಡುವಿನ ಕೋನವೂ ಬದಲಾಗುವುದಿಲ್ಲ. ಎಷ್ಟೋ ಝೂಮ್ ಸ್ಕೋಪ್‌ಗಳಲ್ಲಿ ಒಂದು ನಿರ್ದಿಷ್ಟ ಪಟ್ಟಿನಲ್ಲಿ ಮಾತ್ರ ಗೀಟಿನ ಲೆಕ್ಕ ಸರಿ ಬರುತ್ತದೆ. ಪಿಎಸ್ಒ-1ರ ಎಡ ಕೆಳಮೂಲೆಯಲ್ಲಿ ಒಂದು ಬಾಗಿದ ಗೆರೆ ಇದೆಯಲ್ಲ, ಅದು ನಡೆಯುವುದೂ ಇದರಿಂದಲೇ. 1.7 ಮೀಟರ್ ಎತ್ತರದ ಆಕೃತಿಯ ಕಾಲನ್ನು ಅಡಿಗೆರೆಗೆ ಕೂರಿಸಿ, ತಲೆ ಬಾಗಿದ ಗೆರೆಗೆ ಎಲ್ಲಿ ತಾಗುತ್ತದೋ ಅಲ್ಲಿನ ಅಂಕಿ ಓದಿದರೆ ದೂರ ಸಿಕ್ಕಿತು. 4 ಅಂದರೆ 400 ಮೀಟರ್.

ಕ್ಲಿಕ್ ಅಂದರೆ ಕೋನ, ಸೆಂಟಿಮೀಟರ್ ಅಲ್ಲ

ಟರೆಟ್, ಅಂದರೆ ಸ್ಕೋಪ್ ಮೇಲಿನ ನಾಬ್, ತಿರುಗಿಸುವಾಗ ಸಿಗುವ ಒಂದೊಂದು ಹೆಜ್ಜೆಯೇ ಕ್ಲಿಕ್. ಅದನ್ನು ಅಳೆಯುವುದು ಮಿಲ್ ಅಥವಾ ಎಂಒಎ ಎಂಬ ಕೋನದ ಮಾಪದಲ್ಲಿ. ಒಂದು ಮಿಲ್ ಅಂದರೆ 100 ಮೀಟರಿನಲ್ಲಿ 10 ಸೆಂ.ಮೀ. ಒಂದು ಎಂಒಎ ಅಂದರೆ ಅಲ್ಲೇ ಸುಮಾರು 2.9 ಸೆಂ.ಮೀ. (ಸೋವಿಯತ್ ಲೆಕ್ಕದಲ್ಲಿ ಇಡೀ ವೃತ್ತಕ್ಕೆ 6000 ಭಾಗ, ಹಾಗಾಗಿ ಅವರ ಮಿಲ್ ಒಂದು ಕೂದಲೆಳೆ ದೊಡ್ಡದು. ಝೀರೋ ಮಾಡುವಾಗ ಅದನ್ನು ಮರೆತರೂ ನಡೆಯುತ್ತದೆ.)

ಇದನ್ನು ಬಾಯಿಪಾಠ ಮಾಡಿಕೊಂಡೇ ರೇಂಜಿಗೆ ಹೋಗಿದ್ದೆ. ಅಭ್ಯಾಸಕ್ಕೆ ಸಿಕ್ಕಿದ್ದು .22 ರೈಫಲ್, ಮೇಲೆ ನಾಲ್ಕು ಪಟ್ಟಿನ ಸಾದಾ ಸ್ಕೋಪ್, ಒಂದು ಕ್ಲಿಕ್‌ಗೆ ಕಾಲು ಎಂಒಎ. ದೂರ 25 ಮೀಟರ್. ಐದು ಗುಂಡು ಹೊಡೆದೆ. ತೂತುಗಳೆಲ್ಲ ಒಂದೇ ಕಡೆ ಇದ್ದವು, ಆದರೆ ನಡುವಿನಿಂದ 3 ಸೆಂ.ಮೀ. ಎಡಕ್ಕೆ. ಒಂದು ಕ್ಲಿಕ್‌ಗೆ 0.7 ಸೆಂ.ಮೀ., ಹಾಗಾದರೆ ನಾಲ್ಕು ಕ್ಲಿಕ್ ಸಾಕು ಅಂತ ಬಲಕ್ಕೆ ತಿರುಗಿಸಿದೆ. ಮತ್ತೆ ಐದು ಗುಂಡು. ಗುಂಪು ಸರಿದಿದ್ದು ಮುಕ್ಕಾಲು ಸೆಂಟಿಮೀಟರ್ ಕೂಡ ಇಲ್ಲ. ಸ್ಕೋಪೇ ಕೆಟ್ಟಿದೆ ಅಂತ ವಾದಕ್ಕೂ ನಿಂತೆ! ಪಕ್ಕದಲ್ಲಿದ್ದ ತರಬೇತುದಾರರು ಏನೂ ಹೇಳದೆ ನನ್ನ ಹಾಳೆಯ ಮೂಲೆಯಲ್ಲಿ "25" ಅಂತ ಬರೆದು ಅದರ ಸುತ್ತ ಗೋಲ ಹಾಕಿದರು.

0.7 ಅನ್ನುವುದು 100 ಮೀಟರಿನ ಲೆಕ್ಕ. 25 ಮೀಟರಿನಲ್ಲಿ ಅದರ ಕಾಲು ಭಾಗ. ನನಗೆ ಬೇಕಿದ್ದದ್ದು 16 ಕ್ಲಿಕ್.

ಅವತ್ತಿನಿಂದ ಸೆಂಟಿಮೀಟರಿನಲ್ಲಿ ಯೋಚಿಸುವುದನ್ನೇ ಬಿಟ್ಟೆ. ನನ್ನ ಅಡ್ಡದಾರಿ ಹೀಗಿದೆ: ತಪ್ಪಿದ ಸೆಂಟಿಮೀಟರನ್ನು 10ರಿಂದ ಗುಣಿಸಿ, ದೂರದ ಮೀಟರಿನಿಂದ ಭಾಗಿಸಿ. ಬಂದಿದ್ದು ಮಿಲ್. 3 ಸೆಂ.ಮೀ., 25 ಮೀಟರ್: 30 ಭಾಗಿಸು 25, ಅಂದರೆ 1.2 ಮಿಲ್. ಕ್ಲಿಕ್ 0.1 ಮಿಲ್ ಆದರೆ 12 ಕ್ಲಿಕ್. ಎಂಒಎ ಸ್ಕೋಪ್ ಆದರೆ ಮಿಲ್ ಅನ್ನು 3.44ರಿಂದ ಗುಣಿಸಿಕೊಳ್ಳಿ. ಯಾವ ದೂರಕ್ಕೂ ಇದೇ ಸೂತ್ರ. ಬೇರೆ ಕೋಷ್ಟಕ ಬೇಡವೇ ಬೇಡ.

ಯಾವ ಕಡೆ ತಿರುಗಿಸಬೇಕು

ಟರೆಟ್ ಮೇಲಿನ ಬಾಣ ಗುಂಡು ಬೀಳುವ ಜಾಗ ಎತ್ತ ಸರಿಯುತ್ತದೆ ಅನ್ನುವುದನ್ನು ಹೇಳುತ್ತದೆ. ಪಿಎಸ್ಒ-1ರ ಬಾಣಗಳ ಪಕ್ಕ ಎಸ್‌ಟಿಪಿ ಅಂತ ರಷ್ಯನ್ ಅಕ್ಷರಗಳಿವೆ. ಗುಂಡುಗಳು ಬಿದ್ದ ಜಾಗದ ಸರಾಸರಿ ಬಿಂದು ಅಂತ ಅರ್ಥ. ನಮ್ಮಲ್ಲಿ ಎಂಪಿಐ ಅನ್ನುತ್ತೇವಲ್ಲ, ಅದೇ.

ಆದರೆ ಸ್ಕೋಪ್ ಒಳಗೆ ನೋಡುತ್ತಾ ತಿರುಗಿಸಿದರೆ ಗಲಿಬಿಲಿ ಆಗುತ್ತದೆ. "ಮೇಲೆ" ಅಂತ ತಿರುಗಿಸಿದಾಗ ರೆಟಿಕಲ್ ಕೆಳಗೆ ಇಳಿಯುತ್ತದೆ. ಅದು ಸರಿಯೇ. ಇಳಿದ ರೆಟಿಕಲ್ಲನ್ನು ಮತ್ತೆ ಗುರಿಗೆ ತರಲು ನೀವು ನಳಿಗೆಯನ್ನು ಎತ್ತುತ್ತೀರಿ, ಗುಂಡು ಮೇಲೆ ಹೋಗುತ್ತದೆ. ಇದು ಗೊತ್ತಿದ್ದರೆ ಒಂದು ಉಪಾಯವೂ ಸಿಗುತ್ತದೆ. ರೈಫಲ್ಲನ್ನು ಮರಳುಚೀಲದ ಮೇಲೆ ಅಲುಗಾಡದಂತೆ ಕೂರಿಸಿ, ಹೊಡೆಯುವಾಗ ಇಟ್ಟ ಗುರಿಗೇ ಮತ್ತೆ ಇಡಿ. ಈಗ ರೈಫಲ್ ಮುಟ್ಟದೆ ಟರೆಟ್ ಮಾತ್ರ ತಿರುಗಿಸಿ, ರೆಟಿಕಲ್ಲನ್ನು ಗುಂಪಿನ ನಡುವಿಗೆ ಎಳೆದು ತನ್ನಿ. ಲೆಕ್ಕವೇ ಬೇಡ. ರೈಫಲ್ ಅಲುಗಾಡಿತೋ, ಮೊದಲಿನಿಂದ ಶುರು.

14 ಸೆಂ.ಮೀ. ಯಾಕೆ ಮೇಲೆ?

ಪಿಎಸ್ಒ-1ರ ಮೇಲಿನ ಟರೆಟ್‌ನಲ್ಲಿ 1ರಿಂದ 10ರವರೆಗೆ ಅಂಕಿಗಳಿವೆ, ನೂರು ಮೀಟರಿಗೆ ಒಂದರಂತೆ. ಝೀರೋ ಮಾಡುವ ವಿಧಾನ: 100 ಮೀಟರಿನಲ್ಲಿ ಹಲಗೆ, ಟರೆಟ್ 3ರ ಮೇಲೆ. ಗುಂಪಿನ ನಡು ಗುರಿಗಿಂತ 14 ಸೆಂ.ಮೀ. ಮೇಲೆ ಬರಬೇಕು. ಇದನ್ನು ಓದಿ ನಾನು ಅಚ್ಚಿನ ತಪ್ಪು ಅಂದುಕೊಂಡೆ. ಗುರಿಗೆ ಬೀಳದ ಗುಂಡು ಸರಿ ಹೇಗಾದೀತು?

ಚಿತ್ರ ಬರೆದ ಮೇಲೆ ಅರ್ಥ ಆಯಿತು. ನೋಟದ ಗೆರೆ ನೇರ. ಸ್ಕೋಪ್ ಇರುವುದು ನಳಿಗೆಗಿಂತ ಮೇಲೆ. ಹಾಗಾಗಿ ಗುಂಡು ಹೊರಡುವುದು ಆ ಗೆರೆಯ ಕೆಳಗಿನಿಂದ. ನಳಿಗೆ ಒಂಚೂರು ಮೇಲ್ಮುಖ ಇರುವುದರಿಂದ ಗುಂಡು ಗೆರೆಯನ್ನು ದಾಟಿ ಮೇಲೇರುತ್ತದೆ, ಆಮೇಲೆ ಬಾಗಿ ಇಳಿದು ಎರಡನೇ ಸಲ ದಾಟುತ್ತದೆ. "3" ಅನ್ನುವುದು ಆ ಎರಡನೇ ದಾಟು 300 ಮೀಟರಿನಲ್ಲಿ ಆಗಲಿ ಅನ್ನುವ ಏರ್ಪಾಡು. ಹಾಗಿದ್ದರೆ 100 ಮೀಟರಿನಲ್ಲಿ ಗುಂಡು ಗೆರೆಗಿಂತ ಎತ್ತರದಲ್ಲೇ ಇರಬೇಕು, ಅಲ್ವಾ? ಅಲ್ಲಿ ಅದು ಸರಿಯಾಗಿ ಗುರಿಗೇ ಬಿದ್ದರೆ 300ರಲ್ಲಿ ತುಂಬಾ ಕೆಳಗೆ ಬಿದ್ದಿರುತ್ತದೆ. 300 ಮೀಟರಿನ ರೇಂಜ್ ಇಲ್ಲದೆಯೇ 300ಕ್ಕೆ ಹೊಂದಿಸುವ ಜಾಣತನ ಇದು.

ಸರಿ, ಗುಂಪು 14ಕ್ಕೆ ಬರಲಿಲ್ಲ ಅನ್ನಿ. ಟರೆಟ್ ತಿರುಗಿಸುತ್ತಾ ಹೋದರೆ ಗುಂಡೇನೋ ಸರಿಯಾದ ಜಾಗಕ್ಕೆ ಬರುತ್ತದೆ, ಆದರೆ ಅಂಕಿ 5ಕ್ಕೆ ಹೋಗಿ ಕೂತಿರುತ್ತದೆ. ಇನ್ನು ಮುಂದೆ ಅಂಕಿ ಹೇಳುವುದೆಲ್ಲ ಸುಳ್ಳು. ಅದಕ್ಕೇ ಟರೆಟ್‌ನ ಬದಿಯಲ್ಲಿ ಪುಟ್ಟ ಸ್ಕ್ರೂಗಳಿವೆ. ಅವನ್ನು ಒಂದು, ಒಂದೂವರೆ ಸುತ್ತು ಸಡಿಲಿಸಿದರೆ ತುದಿಯ ನಟ್ಟು ಅಂಕಿಯ ಪಟ್ಟಿಯಿಂದ ಬಿಡಿಸಿಕೊಳ್ಳುತ್ತದೆ. ಪಟ್ಟಿ 3ರಲ್ಲೇ ನಿಂತಿರುತ್ತದೆ, ನಟ್ಟು ತಿರುಗಿಸಿದರೆ ರೆಟಿಕಲ್ ಸರಿಯುತ್ತದೆ. ನಟ್ಟಿನ ಒಂದು ಗೀಟಿಗೆ ಅರ್ಧ ಮಿಲ್, ಅಂದರೆ 100 ಮೀಟರಿನಲ್ಲಿ 5 ಸೆಂ.ಮೀ. ಆಮೇಲೆ ಸ್ಕ್ರೂ ಬಿಗಿ ಮಾಡಿ ಮತ್ತೊಂದು ಗುಂಪು ಹೊಡೆದು ನೋಡಬೇಕು. ಬಿಗಿ ಮಾಡುವಾಗ ನಟ್ಟು ಜರುಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೇಜಿನ ಮೇಲೆ ಬರೀ ಸ್ಕೋಪ್ ಇಟ್ಟುಕೊಂಡು ನಾನು ಇದನ್ನು ಹತ್ತು ಸಲ ಮಾಡಿದೆ. ಗೋಡೆಗೆ ಹಚ್ಚಿದ ಕಾಗದದ ಮೇಲೆ ರೆಟಿಕಲ್ಲಿನ ಬಾಣದಂಥ ಗುರುತಿನ ತುದಿ ಇಳಿಯುತ್ತಿತ್ತು, ಅಂಕಿ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ತಲೆಗೆ ಹೋಗಿದ್ದು ಆಗಲೇ.

ಉಳಿದ ಸಣ್ಣಪುಟ್ಟದ್ದು

ಒಂದು ಗುಂಡಿನ ಬೆನ್ನು ಹತ್ತಬೇಡಿ. ನಾಲ್ಕೈದು ಹೊಡೆದು ಗುಂಪಿನ ನಡು ನೋಡಿ. ಸ್ಕೋಪ್ ಕೂರಿಸಿದ ಮೌಂಟ್ ಬಿಗಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ರೈಫಲ್ ವಾಲಿಸಬೇಡಿ. ಗುಂಡಿನ ಬಗೆ ಬದಲಾದರೆ ಝೀರೋ ಮತ್ತೆ ನೋಡಲೇಬೇಕು.

ಒಂದು ಲೆಕ್ಕ ಬಿಟ್ಟು ಹೋಗುತ್ತೇನೆ. ಪಿಎಸ್ಒ-1, 100 ಮೀಟರ್, ಟರೆಟ್ 3ರಲ್ಲಿ. ಗುಂಪಿನ ನಡು ಗುರಿಗಿಂತ 4 ಸೆಂ.ಮೀ. ಮೇಲೆ, 10 ಸೆಂ.ಮೀ. ಬಲಕ್ಕೆ. ಎಷ್ಟು ಗೀಟು, ಯಾವ ಕಡೆ? ನಾನು ಮೊದಲು ಬರೆದ ಉತ್ತರ "ಒಂದು ಗೀಟು ಕೆಳಗೆ". ಸರಿ ಉತ್ತರ: ಎರಡು ಗೀಟು ಮೇಲೆ, ಎರಡು ಗೀಟು ಎಡಕ್ಕೆ.