ಕೇಂದ್ರ ಹೆಚ್ಚಾದರೂ ಹಾಡು ಯಾಕೆ ಅವೇ? ನಗರ ರೇಡಿಯೊ ಪೈಪೋಟಿಯ ಅಧ್ಯಯನ ಟಿಪ್ಪಣಿ

ವಿಜಯಪುರ, ಬಾಗಲಕೋಟೆ ಕಡೆ ಪತ್ರಿಕೋದ್ಯಮ ಓದುತ್ತಿರುವ ಗೆಳೆಯರಿಗಾಗಿ ಬರೆದದ್ದು. ‘ಖಾಸಗಿ ಎಫ್‌ಎಂ ಬೆಳವಣಿಗೆ’ ಎಂದು ಪ್ರಶ್ನೆ ಬಂದರೆ ನಾವೆಲ್ಲ ಇಸವಿಗಳನ್ನು ಸಾಲಾಗಿ ಬರೆದು ಬರುತ್ತೇವೆ. ಇಸವಿ ಬೇಕೇ ಬೇಕು. ಆದರೆ ಬೆಂಗಳೂರಿಗೆ ಹೋದಾಗ ಒಂದಾದ ಮೇಲೊಂದು ಕೇಂದ್ರ ತಿರುಗಿಸಿ ನೋಡಿ, ಬಹುಪಾಲು ಕಡೆ ಹೊಸ ಸಿನಿಮಾ ಹಾಡುಗಳೇ. ಇದು ಯಾಕೆ ಹೀಗೆ ಎಂದು ಅರ್ಥವಾದರೆ ಇಸವಿಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಪೀಟರ್ ಸ್ಟೈನರ್, 1952ರಲ್ಲಿ. ಅವರ ವಾದವನ್ನು ನಮ್ಮದೇ ಅಂಕಿಗಳಲ್ಲಿ ಮಾಡಿ ನೋಡೋಣ. ಒಂದು ಊರಿನಲ್ಲಿ 100 ಕೇಳುಗರಿದ್ದಾರೆ ಎಂದುಕೊಳ್ಳಿ. 70 ಜನಕ್ಕೆ ಹೊಸ ಸಿನಿಮಾ ಹಾಡು ಬೇಕು, 20 ಜನಕ್ಕೆ ಹಳೆಯ ಹಾಡು, 10 ಜನಕ್ಕೆ ಜಾನಪದ. ತನ್ನ ಇಷ್ಟದ್ದು ಸಿಗದವರು ರೇಡಿಯೊ ಬಂದ್ ಮಾಡಿಬಿಡುತ್ತಾರೆ. ಒಂದೇ ಬಗೆಯ ಕೇಂದ್ರಗಳು ಕೇಳುಗರನ್ನು ಸಮನಾಗಿ ಹಂಚಿಕೊಳ್ಳುತ್ತವೆ.

ಮೊದಲು ಬಂದ ಕೇಂದ್ರ 70ರ ಕಡೆ ಹೋಗುತ್ತದೆ. ಎರಡನೆಯದಕ್ಕೆ ಹಳೆಯ ಹಾಡು ಹಾಕಿದರೆ 20 ಜನ, ಸಿನಿಮಾ ಹಾಡಿನಲ್ಲಿ ಪಾಲು ಕೇಳಿದರೆ 35. ಅದೂ ಸಿನಿಮಾ ಹಾಡೇ ಹಾಕುತ್ತದೆ. ಮೂರನೆಯದಕ್ಕೆ 70ರಲ್ಲಿ ಮೂರನೇ ಒಂದು ಪಾಲು, ಅಂದರೆ 23ಕ್ಕೂ ಸ್ವಲ್ಪ ಹೆಚ್ಚು. ಇದೂ 20ಕ್ಕಿಂತ ಮೇಲೆ. ನಾಲ್ಕನೆಯದಕ್ಕೆ ಸಿನಿಮಾ ಪಾಲು 17.5ಕ್ಕೆ ಇಳಿದಾಗ ಮಾತ್ರ ಹಳೆಯ ಹಾಡಿನ ನೆನಪಾಗುತ್ತದೆ. ಮುಂದೆ ಐದು, ಆರು, ಏಳನೆಯವೂ ಸಿನಿಮಾ ಹಾಡಿಗೇ ಹೋಗುತ್ತವೆ. ಎಂಟನೆಯದಕ್ಕೆ ಮೂರೂ ಕಡೆ ಹತ್ತತ್ತು ಜನ. ಜಾನಪದ ಕೇಳುವವನಿಗೆ ಅಲ್ಲಿಯವರೆಗೆ ಯಾರೂ ಇಲ್ಲ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಬರೆದು ನೋಡಿ, ಸುಮ್ಮನೆ ಓದಿದರೆ ತಲೆಗೆ ಹತ್ತುವುದಿಲ್ಲ.

ಈಗ ಅದೇ ಊರಿನಲ್ಲಿ ಮೂರು ಕೇಂದ್ರಗಳೂ ಒಬ್ಬನದೇ ಎಂದುಕೊಳ್ಳಿ. ತನ್ನ ಕೇಳುಗರನ್ನು ತಾನೇ ಹಂಚಿಕೊಂಡು ಅವನಿಗೇನು ಲಾಭ? ಒಂದೊಂದು ಕೇಂದ್ರಕ್ಕೆ ಒಂದೊಂದು ಬಗೆ ಕೊಟ್ಟರೆ 100 ಜನರೂ ಅವನವರೇ. ಕೇಂದ್ರಗಳು ಎಷ್ಟು ಎಂಬುದಕ್ಕಿಂತ ಒಡೆಯರು ಎಷ್ಟು ಎಂಬುದು ಕಾರ್ಯಕ್ರಮವನ್ನು ಹೆಚ್ಚು ನಿರ್ಧರಿಸುತ್ತದೆ. ಈ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಮಾತು ಇದೇ.

ಇದಕ್ಕೆ ನ್ಯೂಯಾರ್ಕ್‌ಗಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ. 1970ರ ದಶಕದಲ್ಲಿ ಅಲ್ಲಿನ ಕಪ್ಪು ಜನರ ಸಂಗೀತಕ್ಕೆ ಹೆಸರಾದ ದೊಡ್ಡ ಕೇಂದ್ರ ಡಬ್ಲ್ಯುಬಿಎಲ್‌ಎಸ್. ಅದರ ಕಾರ್ಯಕ್ರಮ ನಿರ್ದೇಶಕ ಫ್ರಾಂಕಿ ಕ್ರಾಕರ್. ಈ ಬಗೆಯ ಕಾರ್ಯಕ್ರಮಕ್ಕೆ ‘ಅರ್ಬನ್ ಕಂಟೆಂಪರರಿ’ ಎಂಬ ಹೆಸರು ಚಾಲ್ತಿಗೆ ಬಂದದ್ದು ಅವರಿಂದ ಎನ್ನುತ್ತಾರೆ. 1981ರಲ್ಲಿ 98.7 ಕಿಸ್ ಎಫ್‌ಎಂ ಅದೇ ಕೇಳುಗರ ಮೇಲೆ ಕಣ್ಣಿಟ್ಟು ಕಣಕ್ಕಿಳಿಯಿತು. ಹಗಲಿನಲ್ಲಿ ಎರಡರ ಹಾಡುಗಳೂ ಹೆಚ್ಚುಕಡಿಮೆ ಒಂದೇ, ಸ್ಟೈನರ್ ಹೇಳಿದಂತೆಯೇ.

ಆದರೆ ವಾರಾಂತ್ಯದ ರಾತ್ರಿ ಬೇರೆಯೇ ಕಥೆ. ಹಗಲಿನಲ್ಲಿ ಹಾಕಲು ಹಿಂಜರಿಯುತ್ತಿದ್ದ ರ‍್ಯಾಪ್‌ಗೆ ಬಿಎಲ್‌ಎಸ್‌ನಲ್ಲಿ ನಿರೂಪಕ ಮಿಸ್ಟರ್ ಮ್ಯಾಜಿಕ್, ಕಿಸ್‌ನಲ್ಲಿ ನಿರೂಪಕ ರೆಡ್ ಅಲರ್ಟ್ ಜಾಗ ಮಾಡಿಕೊಟ್ಟರು. ಮ್ಯಾಜಿಕ್ ಜೊತೆಗಿದ್ದ ಸಂಗೀತ ನಿರ್ಮಾಪಕ ಮಾರ್ಲಿ ಮಾರ್ಲ್ ನಗರದ ಕ್ವೀನ್ಸ್ ಬಡಾವಣೆಯವರು. ಅವರ ಬಳಗದ ಹಾಡುಗಳಿಗೆ ಅಲ್ಲಿ ಬಲ. ಬ್ರಾಂಕ್ಸ್‌ನ ಬೂಗಿ ಡೌನ್ ಪ್ರೊಡಕ್ಷನ್ಸ್ ತಂಡವನ್ನು ಮ್ಯಾಜಿಕ್ ತಳ್ಳಿಹಾಕಿದರು. ಆ ತಂಡ 1986ರಲ್ಲಿ ತಂದ ‘ಸೌತ್ ಬ್ರಾಂಕ್ಸ್’ ಹಾಡನ್ನು ರೆಡ್ ಅಲರ್ಟ್ ಎತ್ತಿಕೊಂಡರು. ಎರಡು ಕೇಂದ್ರಗಳ ಜಗಳ ಎರಡು ಬಡಾವಣೆಗಳ ಸವಾಲ್–ಜವಾಬ್ ಆಯಿತು, ಗೀಗೀ ಮೇಳದಲ್ಲಿ ಹರದೇಶಿ–ನಾಗೇಶಿ ಎದುರುಬದುರು ನಿಂತ ಹಾಗೆ. ಸ್ಟೈನರ್ ಲೆಕ್ಕದಲ್ಲಿ ಕಾಣದ ಸಂಗತಿ ಇದು: ಒಂದೇ ಬಗೆಯೊಳಗೂ ಪೈಪೋಟಿ ಹೊಸದನ್ನು ಹುಟ್ಟಿಸಬಹುದು, ಯಾವ ಹಾಡು ಹಾಕಬೇಕೆಂಬುದು ನಿರೂಪಕನ ಕೈಯಲ್ಲಿದ್ದರೆ.

1990ರ ದಶಕದಲ್ಲಿ ಅಲ್ಲಿನ ಇನ್ನೊಂದು ಕೇಂದ್ರ ಹಾಟ್ 97 ರ‍್ಯಾಪ್ ಬಗೆಯ ಹಿಪ್‌ಹಾಪ್ ಕಡೆ ಪೂರ್ತಿ ವಾಲಿತು. ಅದರ ಒಡೆತನದ ಎಮ್ಮಿಸ್ ಕಂಪನಿ 1994ರಲ್ಲಿ ಕಿಸ್ ಅನ್ನೂ ಕೊಂಡಿತು. ಕೊಂಡ ಮೇಲೆ ಕಿಸ್‌ನಿಂದ ರ‍್ಯಾಪ್ ತೆಗೆದು, ವಯಸ್ಸಾದ ಕೇಳುಗರಿಗಾಗಿ ಹಳೆಯ ಸೋಲ್ ಹಾಡುಗಳನ್ನು ಇಟ್ಟಿತು. ಒಡೆಯ ಒಬ್ಬನಾದ, ಎರಡು ಕೇಂದ್ರ ಎರಡು ಬಗೆಯಾದವು. ಕೊನೆಗೆ 2012ರಲ್ಲಿ ಕಿಸ್ ಹೆಸರು ಹಳೆಯ ಎದುರಾಳಿ ಬಿಎಲ್‌ಎಸ್‌ನಲ್ಲೇ ಸೇರಿಹೋಯಿತು.

ಒಬ್ಬನೇ ಒಡೆಯನಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ಮಾತ್ರ ಬರೆಯಬೇಡಿ. 1952ರಿಂದ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರ್, ಸರ್ಕಾರವೊಂದೇ ಒಡೆಯನಾಗಿದ್ದ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳನ್ನು ಒತ್ತಟ್ಟಿಗೆ ಸರಿಸಿದರು. ಆಗ ಆ 70 ಜನ ಏನು ಮಾಡಿದರು? ಶ್ರೀಲಂಕಾದ ರೇಡಿಯೊ ಸಿಲೋನ್‌ಗೆ ಹೋದರು. ಅಲ್ಲಿ ಅಮೀನ್ ಸಯಾನಿಯವರ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಶುರುವಾದದ್ದೂ 1952ರಲ್ಲೇ. ಕೇಳುಗರನ್ನು ಮರಳಿ ಕರೆತರಲು ಸರ್ಕಾರ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭಿಸಿತು. 1967ರಿಂದ ಅದರಲ್ಲಿ ಜಾಹೀರಾತು ಬಂತು. ಎದುರಾಳಿ ಗಡಿಯಾಚೆ ಇದ್ದರೂ ಪೈಪೋಟಿ ಪೈಪೋಟಿಯೇ.

ಇನ್ನು ಖಾಸಗಿ ಎಫ್‌ಎಂ. ಬೆಂಗಳೂರಿನಲ್ಲಿ ರೇಡಿಯೊ ಸಿಟಿ 2001ರ ಜುಲೈ 3ರಂದು ಶುರುವಾಯಿತು, ದೇಶದ ಮೊದಲ ಖಾಸಗಿ ಎಫ್‌ಎಂ. ಆಗಿನ ನಿಯಮದಲ್ಲಿ ಪರವಾನಗಿ ಶುಲ್ಕ ವರ್ಷಕ್ಕೆ 15% ಏರುತ್ತಿತ್ತು, ಆದಾಯ ಬಂದರೂ ಬರದಿದ್ದರೂ. ಆ ಹೊರೆ ಹೊತ್ತವರು 70 ಜನರನ್ನು ಬಿಟ್ಟು 10 ಜನರ ಕಡೆ ತಿರುಗುವುದು ಕಷ್ಟ. 2005ರಲ್ಲಿ ಪರವಾನಗಿ ನೀತಿಯ ಎರಡನೇ ಹಂತದಲ್ಲಿ ಶುಲ್ಕ ಆದಾಯದ 4% ಪಾಲಿನ ಪದ್ಧತಿಗೆ ಬಂತು, ಕೇಂದ್ರಗಳು ಹೆಚ್ಚಿದವು. ಆದರೆ ಒಂದು ಊರಿನಲ್ಲಿ ಒಬ್ಬರಿಗೆ ಒಂದೇ ಕೇಂದ್ರ. ಸ್ವಂತ ಸುದ್ದಿ ಪ್ರಸಾರಕ್ಕೂ ಅನುಮತಿ ಇಲ್ಲ. ಹಾಗಾಗಿ ಬೇರೆಯಾಗಿ ಕಾಣಿಸಿಕೊಳ್ಳಲು ಉಳಿದದ್ದು ಆರ್‌ಜೆ ಮಾತು, ಸ್ಪರ್ಧೆ, ಬಹುಮಾನ.

2011ರ ಮೂರನೇ ಹಂತದ ನೀತಿ ‘ಒಬ್ಬರಿಗೆ ಒಂದೇ ಕೇಂದ್ರ’ ಎಂಬ ನಿಯಮವನ್ನು ಸಡಿಲಿಸಿತು: ಊರಿನಲ್ಲಿ ಕನಿಷ್ಠ ಮೂವರು ಒಡೆಯರಿದ್ದರೆ, ಒಬ್ಬರು ಒಟ್ಟು ಕೇಂದ್ರಗಳ 40% ವರೆಗೆ ಇಟ್ಟುಕೊಳ್ಳಬಹುದು. ಬೆಂಗಳೂರಿನಲ್ಲಿ ಮಿರ್ಚಿ 98.3ರಲ್ಲಿ ಕನ್ನಡ, 95ರಲ್ಲಿ ಹಿಂದಿ ಎಂದು ಹಂಚಿಕೊಂಡದ್ದು ಇದರ ಫಲ. ಅದೇ ನಗರದಲ್ಲಿ ಆಕಾಶವಾಣಿ ಶಾಸ್ತ್ರೀಯ ಸಂಗೀತಕ್ಕೆಂದೇ ಅಮೃತವರ್ಷಿಣಿ ನಡೆಸಿದ್ದೂ ಹಲವು ವಾಹಿನಿಗಳು ಒಂದೇ ಕೈಯಲ್ಲಿ ಇದ್ದದ್ದರಿಂದ.

ನಮ್ಮ ಊರಿಗೆ ಇದು ಹೇಗೆ ಅನ್ವಯಿಸುತ್ತದೆ? 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಕೇಂದ್ರಗಳ ಹರಾಜಿಗೆ ಒಪ್ಪಿತು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಆ ಪಟ್ಟಿಯಲ್ಲಿವೆ. ಒಂದು ಊರಿಗೆ ಮೂರು ಕೇಂದ್ರ ಬಂದವು ಎಂದುಕೊಳ್ಳಿ. ಮೂರರ 40% ಎಂದರೆ 1.2. ಯಾರಿಗೂ ಎರಡನೆಯದು ಸಿಗುವುದಿಲ್ಲ. ಅಂದರೆ ಬೆಂಗಳೂರಿಗೆ ದಕ್ಕಿದ ವೈವಿಧ್ಯದ ದಾರಿ ಇಂಥ ಸಣ್ಣ ಊರಿಗೆ ಮುಚ್ಚಿದೆ.

ನನ್ನ ಆತಂಕ ಇಲ್ಲೇ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ ರಸ್ತೆಯಲ್ಲಿ ನಿಂತು ನೋಡಿ: ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಡ್ರೈವರ್ ಸೀಟಿನ ಹಿಂದೆ ದೊಡ್ಡ ಸ್ಪೀಕರ್, ಅದರಲ್ಲಿ ನಮ್ಮ ಕಡೆಯ ಜಾನಪದ ಹಾಡು. ಮೊಹರಮ್ಮಿನ ರಿವಾಯತ್ ಪದ, ಡೊಳ್ಳಿನ ಪದ, ಭಜನಾ ಪದ ಕೇಳುವವರು ಇಲ್ಲಿ ನೂರಕ್ಕೆ ಹತ್ತೇ ಜನ ಎಂದು ನಾನು ಒಪ್ಪಲಾರೆ. ಅವರು ಇಪ್ಪತ್ತೈದು, ಸಿನಿಮಾ ಹಾಡಿನವರು ಅರವತ್ತು, ಹಳೆಯ ಹಾಡಿನವರು ಹದಿನೈದು ಎಂದು ಅಂಕಿ ಬದಲಿಸಿ ಲೆಕ್ಕ ಹಾಕಿ: ಮೂರನೆಯ ಕೇಂದ್ರವೇ ಜಾನಪದಕ್ಕೆ ಬರುತ್ತದೆ, 60ರ ಮೂರನೇ ಪಾಲು 20 ಮಾತ್ರ. ಹರಾಜು ಹಿಡಿಯುವವರು ಈ ಊರಿನ ಕೇಳುಗರನ್ನು ಎಣಿಸಿ ಬರುತ್ತಾರೋ, ಬೆಂಗಳೂರಿನ ಹಾಡಿನ ಪಟ್ಟಿಯನ್ನೇ ಇಲ್ಲಿಗೂ ಹಾಕುತ್ತಾರೋ ಎಂಬುದರ ಮೇಲೆ ಎಲ್ಲ ನಿಂತಿದೆ. ಕಿರು ಸಂಶೋಧನೆಗೆ ವಿಷಯ ಹುಡುಕುತ್ತಿರುವವರು ಆ ಎಣಿಕೆಯನ್ನೇ ಕೈಗೆತ್ತಿಕೊಳ್ಳಿ.