ಊರೆಲ್ಲ ಸಲಿವನ್‌ಗಳೇ ಆದರೆ ಯಾರ ಮನೆತನ ಯಾವುದು?

ಓದುಗರ ಪ್ರಶ್ನೆ: ಐರ್ಲೆಂಡಿನ ಬೇರಾ ಕಡೆಯ ಹಳ್ಳಿಗಳಲ್ಲಿ ಎಲ್ಲಿ ನೋಡಿದರೂ ಸಲಿವನ್ ಹೆಸರೇ. ಹಳೆಯ ದಾಖಲೆಗಳೂ ಸುಟ್ಟುಹೋಗಿವೆಯಂತೆ. ಹಾಗಾದರೆ ಒಂದು ಕುಟುಂಬದ ಹಿರಿಯರನ್ನು ಹುಡುಕುವುದು ಹೇಗೆ?

ಹೆಸರನ್ನು ಬಿಟ್ಟು ಜಮೀನನ್ನು ಹಿಡಿಯಿರಿ. ನನ್ನ ಉತ್ತರ ಇಷ್ಟೇ. ಯಾಕೆ ಅಂತ ಹೇಳುತ್ತೇನೆ.

ಬೇರಾ ಅಂದರೆ ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಡಲಿನೊಳಕ್ಕೆ ಚಾಚಿದ ಗುಡ್ಡಗಾಡು ನೆಲ. ಹೆಚ್ಚಿನ ಭಾಗ ಕಾರ್ಕ್ ಕೌಂಟಿಗೆ ಸೇರಿದ್ದು, ಉಳಿದದ್ದು ಕೆರಿ ಕೌಂಟಿಗೆ. ಇಲ್ಲಿ ಸಲಿವನ್, ಹ್ಯಾರಿಂಗ್ಟನ್, ಶೇ ಮನೆತನಗಳೇ ಜಾಸ್ತಿ. ಸಾಲದ್ದಕ್ಕೆ ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ. ಅಜ್ಜ ಜಾನ್ ಆದರೆ ಅವನ ಎಲ್ಲ ಗಂಡುಮಕ್ಕಳ ಮನೆಯಲ್ಲೂ ಒಬ್ಬೊಬ್ಬ ಜಾನ್! ಊರಿನವರು ಇದಕ್ಕೆ ಅಡ್ಡಹೆಸರಿನ ದಾರಿ ಕಂಡುಕೊಂಡರು. ಕೆಂಪುಗೂದಲಿನವನು ಅಂತಲೋ, ಅಪ್ಪ ಅಜ್ಜನ ಹೆಸರು ಸೇರಿಸಿಯೋ ಕರೆಯುತ್ತಿದ್ದರು. ಆದರೆ ಕಾಗದಪತ್ರದಲ್ಲಿ ಈ ಅಡ್ಡಹೆಸರು ಸಿಗುವುದು ಅಪರೂಪ.

ಇನ್ನು ಸುಟ್ಟ ಕಥೆ. ಅದು ಅರ್ಧ ನಿಜ. 1922ರ ಜೂನ್ 30ರಂದು, ಅಂತರ್ಯುದ್ಧದ ಹೊತ್ತಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿದ್ದ ದಾಖಲೆ ಕಚೇರಿ ನಾಶವಾಯಿತು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು ಅಲ್ಲೇ ಹೋದವು. ಆದರೆ 1861 ಮತ್ತು 1871ರವನ್ನು ಸರ್ಕಾರವೇ ಮೊದಲೇ ನಾಶ ಮಾಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಕಾಗದದ ಗಿರಣಿ ಸೇರಿದವು. ಬೆಂಕಿಯನ್ನು ಮಾತ್ರ ಬೈದು ಏನು ಪ್ರಯೋಜನ? ಪೂರ್ತಿಯಾಗಿ ಉಳಿದವುಗಳಲ್ಲಿ ಎಲ್ಲಕ್ಕಿಂತ ಹಳೆಯದು 1901ರ ಗಣತಿ. ಅದೂ 1911ರದ್ದೂ ಆನ್‌ಲೈನ್‌ನಲ್ಲಿ ಉಚಿತ.

ಅಲ್ಲಿಂದ ಹಿಂದಕ್ಕೆ ಹೋಗಲು ಜಮೀನಿನ ದಾಖಲೆ ಬೇಕು. ಐರ್ಲೆಂಡಿನ ನೆಲ 60,000ಕ್ಕೂ ಹೆಚ್ಚು ಟೌನ್‌ಲ್ಯಾಂಡ್‌ಗಳಾಗಿ, ಅಂದರೆ ಹೆಸರೂ ಗಡಿಯೂ ಇರುವ ಪುಟ್ಟ ನೆಲದ ವಿಭಾಗಗಳಾಗಿ, ಹಂಚಿಹೋಗಿದೆ. ಕೆಲವು ಟೌನ್‌ಲ್ಯಾಂಡ್‌ಗಳಲ್ಲಿ ನಾಲ್ಕೈದು ಮನೆ ಇದ್ದರೆ ಹೆಚ್ಚು. ತೆರಿಗೆಗಾಗಿ 1847ರಿಂದ 1864ರವರೆಗೆ ರಿಚರ್ಡ್ ಗ್ರಿಫಿತ್ ಮಾಡಿಸಿದ ಮೌಲ್ಯಮಾಪನದಲ್ಲಿ ಪ್ರತಿ ಟೌನ್‌ಲ್ಯಾಂಡಿನ ಗೇಣಿದಾರ ಯಾರು, ಜಮೀನ್ದಾರ ಯಾರು, ಎಷ್ಟು ನೆಲ ಎಂಬುದೆಲ್ಲ ಇದೆ. ಒಂದೇ ಹೆಸರಿನವರು ಇಬ್ಬರಿದ್ದರೆ ಗುಮಾಸ್ತರು ಕೆಲವೊಮ್ಮೆ ಪಕ್ಕದಲ್ಲಿ ಅಪ್ಪನ ಹೆಸರನ್ನೋ ಅಡ್ಡಹೆಸರನ್ನೋ ಬರೆದಿರುತ್ತಾರೆ. ಅದು ಸಿಕ್ಕರೆ ನಿಮ್ಮ ಪುಣ್ಯ.

ನನಗೆ ಅದಕ್ಕಿಂತ ಇಷ್ಟವಾದದ್ದು ಅದೇ ಮೌಲ್ಯಮಾಪನವನ್ನು ಆಮೇಲೆ ತಿದ್ದುತ್ತಾ ಹೋದ ಪರಿಷ್ಕರಣೆ ಪುಸ್ತಕಗಳು. ಜಮೀನು ಕೈ ಬದಲಾದಾಗ ಹಳೆಯ ಹೆಸರು ಹೊಡೆದು, ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು ಬರೆದು, ಪಕ್ಕದಲ್ಲಿ ವರ್ಷ ಹಾಕುತ್ತಿದ್ದರು. ಡೇನಿಯಲ್ ಹೋಗಿ ಪ್ಯಾಟ್ರಿಕ್ ಬಂದ ವರ್ಷದ ಆಸುಪಾಸಿನಲ್ಲಿ ಡೇನಿಯಲ್‌ನ ಸಾವಿನ ದಾಖಲೆ ಹುಡುಕಿ. ಸುಮ್ನೆ ಹೆಸರು ಹಾಕಿ ಹುಡುಕಿದರೆ ನೂರು ಡೇನಿಯಲ್ ಬರುತ್ತಾರೆ, ಹೀಗೆ ಹೋದರೆ ಒಬ್ಬಿಬ್ಬರು.

ಎಲ್ಲರ ಜನನ, ಮರಣ, ಮದುವೆ ನೋಂದಣಿ ಶುರುವಾದದ್ದು 1864ರಲ್ಲಿ. ತಡವಾಗಿ ಬಂದರೆ ದಂಡ. ಹಾಗಾಗಿ ಎಷ್ಟೋ ಅಪ್ಪಂದಿರು ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಮಗು ಹುಟ್ಟುವ ಮೊದಲೇ ಚರ್ಚಿನಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆದಂತೆ ಕಂಡರೆ ಗಾಬರಿಯಾಗಬೇಡಿ! ಕ್ಯಾಥೊಲಿಕ್ ಚರ್ಚಿನ ರಿಜಿಸ್ಟರುಗಳನ್ನು ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಆನ್‌ಲೈನ್‌ಗೆ ಹಾಕಿತು. ಅದರಲ್ಲಿ ತಾಯಿಯ ತವರಿನ ಹೆಸರೂ ದೇವಪಿತೃಗಳ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಗಾಡ್‌ಪೇರೆಂಟ್‌ಗಳ) ಹೆಸರೂ ಸಾಮಾನ್ಯವಾಗಿ ಇರುತ್ತವೆ. ದೇವಪಿತೃಗಳು ಹೆಚ್ಚಾಗಿ ನೆಂಟರೋ ನೆರೆಯವರೋ ಆಗಿರುತ್ತಿದ್ದರು, ಅದೇ ಒಳ್ಳೆಯ ಸುಳಿವು.

ವಯಸ್ಸನ್ನು ಮಾತ್ರ ನಂಬಬೇಡಿ. 1909ರಲ್ಲಿ 70 ದಾಟಿದವರಿಗೆ ಪಿಂಚಣಿ ಬಂತು. ಅವರು ಹುಟ್ಟಿದಾಗ ನೋಂದಣಿಯೇ ಇರಲಿಲ್ಲ, ಅಲ್ವಾ? 1901ರಲ್ಲಿ 55 ಆಗಿದ್ದವರು 1911ಕ್ಕೆ 70 ಆಗಿಬಿಟ್ಟಿರುತ್ತಾರೆ. ವಯಸ್ಸಿನ ಪುರಾವೆಗೆಂದು ಅಧಿಕಾರಿಗಳು 1841 ಮತ್ತು 1851ರ ಗಣತಿಯನ್ನು ತೆಗೆದು ನೋಡಿ, ಸಿಕ್ಕಿದ್ದನ್ನು ಫಾರಂಗಳಲ್ಲಿ ಬರೆದಿಟ್ಟರು. ಮೂಲ ಸುಟ್ಟರೂ ಆ ಫಾರಂಗಳು ಉಳಿದಿವೆ.

ಸಾಮಾನ್ಯ ಗೇಣಿದಾರರ ಮನೆತನ ಹೀಗೆ 1820ರ ಆಸುಪಾಸಿಗೆ ಹೋದರೆ ದೊಡ್ಡದು. 1602ರ ಕೊನೆಯ ದಿನ ಗ್ಲೆನ್‌ಗ್ಯಾರಿಫ್‌ನಿಂದ ಸುಮಾರು 1,000 ಜನರೊಂದಿಗೆ ಹೊರಟು, 35 ಜನರೊಂದಿಗೆ ದೂರದ ಲೀಟ್ರಿಮ್ ತಲುಪಿದ ಬೇರಾದ ನಾಯಕ ಡೊನಾಲ್ ಕ್ಯಾಮ್ ಓ'ಸಲಿವನ್‌ಗೆ ನೇರ ಗಂಟು ಹಾಕಿದ ವಂಶವೃಕ್ಷ ಯಾರಾದರೂ ತೋರಿಸಿದರೆ, ನಡುವಿನ ಇನ್ನೂರು ವರ್ಷದ ಕಾಗದ ಎಲ್ಲಿ ಅಂತ ಕೇಳಿ.